ಪಾಳ್ಯದಲ್ಲಿ ಬಿಟ್ಟು ಬಂದ ಕುದುರೆಮರಿ

ವನಗೂರು, ಫೆಬ್ರವರಿ 2001

ಅಪ್ಪಾ,

ನಮ್ಮನ್ನು ಬಿಟ್ಟು ಹೋಗಿ ನೀನು ಪಾಳ್ಯದಲ್ಲಿ ಕಟ್ಟಿಕೊಂಡ ಮನೆಗೆ ಇವತ್ತು ಹೋಗಿದ್ದೆ. ನೀನು ತೀರಿಕೊಂಡಾಗಲೂ ನಾನು ಆ ಹೊಸ್ತಿಲು ತುಳಿದಿರಲಿಲ್ಲ.

ನಾನೀಗ ಸ್ಟೋರು ನೋಡಿಕೊಳ್ಳುವ ಎಸ್ಟೇಟಿನ ಹಳೇ ಕುದುರೆ ಮರಿ ಹಾಕಿ ಮೂರೇ ದಿನಕ್ಕೆ ಸತ್ತುಹೋಯಿತು. ಮರಿಯನ್ನು ಸ್ಟೋರಿನಲ್ಲಿಟ್ಟುಕೊಂಡು ಎಂಟು ದಿನ ಬಾಟಲಿಯಲ್ಲಿ ಹಾಲು ಹಿಡಿದೆ. ಅದು ಕುಡಿದದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಪಕ್ಕೆಲುಬು ಕಾಣತೊಡಗಿದಾಗ ದನದ ಡಾಕ್ಟರು, "ಇದು ಉಳೀಬೇಕಂದ್ರೆ ಪಾಳ್ಯದ ನಯನಾ ಹತ್ರ ಬಿಡಮ್ಮ. ಅವರಪ್ಪ ಅವಳಿಗೆ ಎಲ್ಲಾ ಕಲಿಸವ್ರೆ" ಅಂದರು. ಆ ಅಪ್ಪ ನನಗೂ ಅಪ್ಪ ಅಂತ ಅವರಿಗೇನು ಗೊತ್ತು.

ಜೀಪಿನಿಂದ ಇಳಿಸುತ್ತಿದ್ದಂತೆ ನಯನಾ ಹಾಲಿನಲ್ಲಿ ಬೆರಳದ್ದಿ ಮರಿಗೆ ಚೀಪಿಸಿದಳು. ಅದು ಚೀಪುತ್ತಿರುವಾಗಲೇ ಬೆರಳನ್ನು ಮೆಲ್ಲಗೆ ಬೋಗುಣಿಗೆ ಇಳಿಸಿದಳು. ಮರಿ ತಲೆ ಬಗ್ಗಿಸಿ ಬೋಗುಣಿ ಖಾಲಿ ಮಾಡಿಬಿಟ್ಟಿತು.

"ಅಪ್ಪ ನನ್ನ ಕೈ ಹಿಡ್ಕಂಡು ಹೇಳ್ಕೊಟ್ಟಿದ್ದು ಕಣಕ್ಕಾ," ಅಂದಳು.

ನನಗೆ ಹೊಟ್ಟೆ ಉರಿದುಹೋಯಿತು. ನೀನು ಇದೇ ಎಸ್ಟೇಟಿನ ಕುದುರೆ ನೋಡಿಕೊಳ್ಳುತ್ತಿದ್ದಾಗ ನಾನು ಲಾಯದ ಹತ್ತಿರ ಬಂದರೂ ಸಾಕು, "ಒದ್ದಾತು, ಆಚೆ ಹೋಗು" ಅನ್ನುತ್ತಿದ್ದೆ. ಅವಳನ್ನೇನು ಕುದುರೆ ಒದೆಯುತ್ತಿರಲಿಲ್ಲವೇ?

ಮರಿ ಅವಳ ಸೆರಗಿಗೆ ಮೂತಿ ಒರೆಸಿಕೊಳ್ಳುತ್ತಿತ್ತು. ನನ್ನ ಕಡೆ ತಿರುಗಲೂ ಇಲ್ಲ.

"ಇದನ್ನ ಏನಂತ ಕರೀತಿದ್ರಿ ಅಕ್ಕಾ?"

"ಹೆಸರಿಟ್ಟಿಲ್ಲ," ಅಂದೆ.

ಸುಳ್ಳು, ಅಪ್ಪಾ. ಎಂಟು ದಿನವೂ ಹೆಸರು ಹಿಡಿದೇ ಕರೆದಿದ್ದೆ. ಅದೊಂದಾದರೂ ನನ್ನ ಹತ್ತಿರ ಉಳಿಯಲಿ ಅನ್ನಿಸಿತು.

ಗಂಗಾಮಣಿ