ಚಿತ್ರದಲ್ಲಿ ಉಳಿದಿದ್ದ ಮನೆ

ತರೀಕೆರೆ
20 ಡಿಸೆಂಬರ್ 2024

ಪ್ರೀತಿಯ ಗಗನಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಕಲಬುರಗಿಯಲ್ಲಿ ಕೂತು ನನ್ನನ್ನು ಎಷ್ಟು ಬೈದುಕೊಂಡಿದ್ದೀಯೋ! ಬೈದಿದ್ದರೂ ಸರಿಯೇ, ತಪ್ಪು ನನ್ನದು. ಫೋನ್ ಮಾಡೋಣವೆಂದರೆ, ನಿನ್ನ ದನಿ ಕೇಳಿದ ಮೇಲೆ ನನ್ನ ದನಿ ನೆಟ್ಟಗಿರುತ್ತದೆಂಬ ಧೈರ್ಯವಿರಲಿಲ್ಲ. ಅಮ್ಮಿಯ ಮೊಣಕಾಲು ನೋವು ಹಾಗೇ ಇದೆ. ನಮ್ಮ ಮನೆಯವರು ಬಸ್ ಸ್ಟ್ಯಾಂಡ್ ಪಕ್ಕಕ್ಕೆ ಅಂಗಡಿ ಬದಲಾಯಿಸಿದ್ದಾರೆ.

ಆಗಸ್ಟ್‌ನಲ್ಲಿ ಮತ್ತೆ ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿದೆ. ಈಗ ನಮಗೆಲ್ಲ ಟ್ಯಾಬ್ ಕೊಟ್ಟಿದ್ದಾರೆ. ಉಪಗ್ರಹದ ಚಿತ್ರದ ಮೇಲೆ ಒಂದೊಂದು ಮನೆಯನ್ನೂ ಗುರುತು ಹಾಕಬೇಕು. ಬಸುರಿಯರು ಎಲ್ಲಿದ್ದಾರೆ, ಲಸಿಕೆ ತಪ್ಪಿದ ಮಕ್ಕಳು ಎಲ್ಲಿದ್ದಾರೆ ಎಂದು ತುಂಬಿದರೆ, ವ್ಯಾನು ಮೊದಲು ಅಲ್ಲಿಗೇ ಹೋಗುತ್ತದೆ. ನಾವಿಬ್ಬರೂ ಜೊತೆಗೆ ಕೆಲಸ ಮಾಡುತ್ತಿದ್ದ ಕಾಲದ ಹಾಗೆ ಟಾರು ರಸ್ತೆ ಮುಗಿದಲ್ಲಿಗೆ ಸೇವೆಯೂ ಮುಗಿಯುವುದಿಲ್ಲ.

ಒಂದು ದಿನ ಟ್ಯಾಬಿನಲ್ಲಿ ಅಜ್ಜಂಪುರದ ಕಡೆ, ಕೆರೆಯ ಹಿಂದೆ ಬಯಲಲ್ಲಿ ಒಂದಷ್ಟು ಸೂರುಗಳು ಕಂಡವು. ಚಿತ್ರದಲ್ಲಿ ಊರಿನ ಹೆಸರೇ ಇಲ್ಲ. ವಿಚಾರಿಸಿದರೆ, ಕಲ್ಲುಗುಂಡಿ ಹಟ್ಟಿಯಂತೆ. ಕಡೂರು, ಅಜ್ಜಂಪುರ ಎರಡೂ ತಾಲ್ಲೂಕಿನ ಗಡಿಯ ಮೇಲೇ ಕೂತಿದೆ. ಇವರು ಅವರದೆಂದುಕೊಂಡರು, ಅವರು ಇವರದೆಂದುಕೊಂಡರು, ಯಾರೂ ಹೋಗಲಿಲ್ಲ.

ಡ್ರೈವರ್ ಹೊನ್ನೇಶ್ ಜೊತೆ ಹೋದೆ. ಮನೆಗಳನ್ನು ಒಂದೊಂದಾಗಿ ಗುರುತಿಸುತ್ತ ಕೊನೆಯ ಸೂರಿಗೂ ಗುರುತು ಹಾಕಿ ಅದರತ್ತ ನಡೆದೆ. ಟ್ಯಾಬಿನಲ್ಲಿ ನಾನಿರುವ ಜಾಗ ತೋರಿಸುವ ನೀಲಿ ಚುಕ್ಕೆ ಆ ಮನೆಯ ಒಳಗೆ ಹೋಗಿ ನಿಂತಿತು. ತಲೆಯೆತ್ತಿದರೆ ನಾನಿದ್ದದ್ದು ಬರೀ ಬಯಲಿನಲ್ಲಿ.

"ಅಲ್ಲಿ ನಿಂತ್ಕಬ್ಯಾಡ ಕಣವ್ವ, ಅದು ಒಲೆ ಜಾಗ," ಎಂದು ಯಾರೋ ಹಿಂದಿನಿಂದ ಕೂಗಿದರು.

ಅಂಜಿನಮ್ಮ ಎಂಬ ಮುದುಕಿ. ಸೊಂಟದ ಮೇಲೆ ಹೆಣ್ಣು ಕೂಸು. ಅದು ಅವಳ ಸೊಸೆ ಭಾಗ್ಯಳ ಮನೆಯಾಗಿತ್ತಂತೆ. ಹೋದ ವರ್ಷ ಅಲ್ಲೇ ಹೆರಿಗೆಯಾಗಿ, ರಕ್ತ ನಿಲ್ಲಲಿಲ್ಲ. "ಆಂಬುಲೆನ್ಸ್ನೋರ್ಗೆ ಫೋನ್ ಮಾಡುದ್ರೆ, ಯಾವೂರು, ಎಲ್ಲೈತೆ, ಸಿಗ್ತಾ ಇಲ್ವಲ್ಲ ಅಂದ್ರು. ಟ್ರ್ಯಾಕ್ಟರ್ನಾಗೆ ಮಲಗುಸ್ಕಂಡು ಹೊಂಟ್ವಿ. ಕೆರೆ ಏರಿ ತಿರುವ್ನಾಗೆ ನೀರು ಕೇಳುದ್ಲು. ಕೊಡೋ ಹೊತ್ಗೆ ಹೋಗ್ಬಿಟ್ಳು." ಮಗ ಆ ಮನೆಯನ್ನು ಕಿತ್ತುಹಾಕಿ, ಕಾಫಿ ತೋಟದ ಕೂಲಿಗೆ ಹೋದವನು ತಿರುಗಿ ಬಂದಿಲ್ಲ. ಕೂಸಿಗೆ ಒಂದು ಲಸಿಕೆಯೂ ಆಗಿರಲಿಲ್ಲ.

ಚಿತ್ರ ಹಳೆಯದೆಂದು ಆಗ ಹೊಳೆಯಿತು. ಅಂಜಿನಮ್ಮನಿಗೆ ತೋರಿಸಿದೆ. ಅವಳು ಬೆರಳಿನಿಂದ ಸೂರನ್ನು ಸವರಿದಳು.

"ಒಳಗೆ ಅವ್ಳು ಕಾಣ್ತಾಳಾ?"

"ಇಲ್ಲ ಅಜ್ಜಿ, ಸೂರು ಮಾತ್ರ."

"ಸಾಕು ಬಿಡು. ಒಳಗವ್ಳೆ ಅನ್ಕತೀನಿ."

ಆ ಮನೆಯ ಗುರುತನ್ನು ನಾನೇ ಅಳಿಸಿದೆ ಗಗನಾ. ಅಳಿಸಲೇಬೇಕಿತ್ತು. ನಾಳೆ ಯಾರಿಗೋ ನೋವು ಬಂದಾಗ ಗಾಡಿ ಬಯಲಿನ ಮುಂದೆ ಬಂದು ನಿಲ್ಲಬಾರದು. ಹಟ್ಟಿಯ ಹೆಸರು ಬರೆದೆ, ದಾರಿ ಗುರುತಿಸಿದೆ. ಈಗ ಗುರುವಾರಗಳಂದು ವ್ಯಾನು ಹೋಗುತ್ತದೆ. ಕೂಸಿಗೆ ಲಸಿಕೆಗಳು ಶುರುವಾಗಿವೆ. ನವೆಂಬರ್‌ನಲ್ಲಿ ಅಲ್ಲಿನ ಕಾವೇರಿಗೆ ನೋವು ಬಂದಾಗ ಗಾಡಿ ನೇರ ಬಾಗಿಲಿಗೆ ಹೋಯಿತು. ತಾಯಿ ಮಗು ಕ್ಷೇಮ. ಹೊನ್ನೇಶ್ ಎಲ್ಲರಿಗೂ ಜಿಲೇಬಿ ಹಂಚಿದ.

ಗುರುತು ಅಳಿಸಿದರೂ ಅಡಿಯ ಚಿತ್ರದಲ್ಲಿ ಸೂರು ಇತ್ತಲ್ಲ, ಹೋದಾಗಲೆಲ್ಲ ಅಂಜಿನಮ್ಮ ಕೈ ಒರೆಸಿಕೊಂಡು ಬಂದು, "ಅದ್ನ ತೋರ್ಸವ್ವ," ಎನ್ನುತ್ತಿದ್ದಳು. ನೋಡಿ, ಸೂರನ್ನು ಸವರಿ ಹೋಗುತ್ತಿದ್ದಳು. ಹೋದ ವಾರ ಟ್ಯಾಬಿಗೆ ಹೊಸ ಚಿತ್ರ ಬಂದಿತ್ತು. ನನಗೂ ಗೊತ್ತಿರಲಿಲ್ಲ, ಅವಳೆದುರಿಗೇ ತೆರೆದೆ. ಬರೀ ಕೆಂಪು ಮಣ್ಣು. ಅವಳು ಬಹಳ ಹೊತ್ತು ಹುಡುಕಿದಳು.

"ಇಲ್ಲಿ ನಮ್ಮುಡ್ಗ ಕಿತ್ತ. ಅಲ್ಲಿ ಯಾರವ್ವ ಕಿತ್ತಿದ್ದು?"

ಕೂಸು ಟ್ಯಾಬಿನ ಗಾಜನ್ನು ಬಡಿಯುತ್ತ ನಗುತ್ತಿತ್ತು. ಅವತ್ತಿನಿಂದ ಯಾವ ಮನೆಯ ಮುಂದೆ ನಿಂತರೂ, ಒಳಗೆ ಜನ ಇದ್ದಾರೆಯೇ ಎಂದು ಬಾಗಿಲು ಮುಟ್ಟಿ ನೋಡುವಂತಾಗಿದೆ.

ರಾತ್ರಿ ಪಾಳಿಯಲ್ಲಿ ಊಟ ತಪ್ಪಿಸಬೇಡ. ದೇವರು ನಿನ್ನನ್ನೂ ನಿನ್ನ ವಾರ್ಡಿನ ತಾಯಂದಿರನ್ನೂ ತಂಪಾಗಿಟ್ಟಿರಲಿ.

ನಿನ್ನ
ಮದೀಹಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಎರಡೂ ಕಾಗದದಲ್ಲಿ ಮಗುವಿನ ಫೋಟೊ ಕಳಿಸು ಎಂದಿದ್ದೀಯ. ಗಗನಾ, ಏಪ್ರಿಲ್‌ನಲ್ಲಿ ಹುಟ್ಟಿದ, ಗಂಡು. ಅಳಲಿಲ್ಲ. ಆಸ್ಪತ್ರೆ ನಮ್ಮ ಮನೆಯಿಂದ ಕೂಗಳತೆ ದೂರ. ವೈದ್ಯರು ಎಲ್ಲ ಮಾಡಿದರು, ಉಳಿಯಲಿಲ್ಲ. ಮೊನ್ನೆ ನಮ್ಮ ಬೀದಿಯ ಸರದಿ ಬಂತು. ನಮ್ಮ ಮನೆಯ ಗುರುತು ಹಾಕಿ, ಐದು ವರ್ಷದೊಳಗಿನ ಮಕ್ಕಳು ಎಂದಿರುವಲ್ಲಿ ಒಂದು ಎಂದು ಒತ್ತಿದ್ದೇನೆ. ಒತ್ತಿದ ಮೇಲೆ ಟ್ಯಾಬು ಮಗುವಿನ ಹೆಸರು ಕೇಳಿತು ಕಣೇ. ನಾವು ಇನ್ನೂ ಇಟ್ಟಿರಲಿಲ್ಲ.