ತಂಗಿಯ ಕತೆಗೆ ನಾಲ್ಕು ಪುಟ

ಅಪ್ಪಾ,

ನೀವು ತೀರಿಕೊಂಡ ಮೇಲೆ ನಿಮ್ಮ ಕಿನ್ನರಿ ಕತೆಗಳ ಪತ್ರಿಕೆಯ ಮೊದಲ ಸಂಚಿಕೆ ಇವತ್ತು ಅಚ್ಚಿಗೆ ಹೋಯಿತು. ಮಧ್ಯಾಹ್ನವೇ ಪ್ರೆಸ್ಸಿನವರು ಫೋನ್ ಮಾಡಿ, "ಸಂಜೆಯೊಳಗೆ ಪುಟ ಬರದಿದ್ರೆ ಮೆಷಿನ್‌ಗೆ ಕ್ಯಾಲೆಂಡರ್ ಕೆಲಸ ಹತ್ತಿಸ್ಕೊಂಡುಬಿಡ್ತೀನಿ, ಆಮೇಲೆ ನನ್ನ ಬೈಬೇಡಿ" ಎಂದರು. ಇನ್ನೂ ನಾಲ್ಕು ಪುಟ ಖಾಲಿ ಇದ್ದವು.

ತಂಗಿ ತನ್ನ ಕತೆ ತಂದಿಟ್ಟಳು. "ಮನೆಮಗಳದ್ದು ಹಾಕಿದ್ರೆ ಜನ ಆಡ್ಕೋತಾರೆ" ಎಂದು ನೀವು ಕವರನ್ನೂ ಒಡೆಯದೆ ವಾಪಸ್ ಕೊಟ್ಟಿದ್ದಿರಲ್ಲ, ಅದೇ ಕತೆ.

"ಇದೇ ಕೊನೇ ಸಲ ಅಣ್ಣ. ಬೇಡ ಅಂದ್ರೆ ಇನ್ನು ಬರೆಯಲ್ಲ" ಎಂದಳು.

ನಿಮ್ಮ ಪದ್ಧತಿಯಂತೆ ಅದನ್ನು ಮೊದಲು ಅಮ್ಮನಿಗೆ ಓದಿ ಹೇಳಿದೆ. ಸಾಲಿನಲ್ಲಿ ನಿಂತವರಿಗೆಲ್ಲ ವರ ಕೊಡುವ ರಾಜ, ತನ್ನ ಮಗಳ ಸರದಿ ಬಂದಾಗ ಮಾತ್ರ, "ನೀನು ಮನೆಯವಳು, ಆಮೇಲೆ ಬಾ" ಎನ್ನುತ್ತಾನೆ. ತಂಗಿ ಬಾಗಿಲ ಚಿಲಕ ಹಿಡಿದುಕೊಂಡೇ ಕೇಳುತ್ತಿದ್ದಳು.

"ಚೆನ್ನಾಗಿದೆ, ಹಾಕೋ" ಎಂದ ಅಮ್ಮ, "ನಿಮ್ಮಪ್ಪ ಇದನ್ನ ಓದಿದ್ರಾ?" ಎಂದಳು.

"ಓದಿದ್ರು. ತುಂಬಾ ಮೆಚ್ಚಿದ್ರು" ಎಂದೆ.

ತಂಗಿ ಸರಸರನೆ ಒಳಗೆ ಬಂದಳು. ಇನ್ನೇನು ನನ್ನ ಮಾನ ಹೋಯಿತು ಎಂದುಕೊಂಡೆ. ಅವಳು ಅಮ್ಮನ ಪಕ್ಕದಲ್ಲಿ ಕೂತು, "ಏನು ಇಷ್ಟ ಆಯ್ತಂತೆ ಅವರಿಗೆ?" ಎಂದು ಕೇಳಿದಳು.

ನಿಮ್ಮ ಪರವಾಗಿ ನಾನು ಒಂದೊಂದಾಗಿ ಹೇಳುತ್ತ ಹೋದೆ.