ಆಮೆಯ ಸರದಿ

ಕಡೂರು
ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಓಂಕಾರಣ್ಣನಿಗೆ,

ಅಜ್ಜಿಯನ್ನು ನೋಡಿಕೊಳ್ಳಲೆಂದು ನಾನು ಸ್ಕೂಲು ಬಿಟ್ಟೆ ಅಂತ ನೀವೆಲ್ಲ ಹೇಳಿಕೊಂಡು ಬಂದಿದ್ದೀರಿ. ಅದು ನಿಜವಲ್ಲ. ಓದು ಹಿಡಿಸದೆ ಬಿಟ್ಟೆ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದು ಆಮೇಲೆ. ನೆಂಟರೆಲ್ಲ ಹೊಗಳಿದಾಗ ಸುಮ್ಮನಿದ್ದೆ. ಆ ಹೊಗಳಿಕೆಯೇ ಈಗ ನನ್ನನ್ನು ಹೊಸಿಲು ದಾಟಲು ಬಿಡುತ್ತಿಲ್ಲ.

ಅಜ್ಜಿಯ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ ಮಾನ್‌ಸ್ಟರ್‌ಗಳನ್ನು ಕಾದಾಡಿಸುವ ಗೇಮ್ ಆಡುತ್ತೇನೆ. ಒಂದು ತಂಡಕ್ಕೆ ಆರು. ಆರೂ ಹೊಡೆಯುವಂಥವೇ ಆದರೆ ಸೋಲುತ್ತೇವೆ; ಏಟು ತಡೆಯುವುದಕ್ಕೂ ಒಂದು ಬೇಕು. ನನ್ನ ತಂಡದಲ್ಲಿ ಅದು ಕಲ್ಲುಚಿಪ್ಪಿನ ಆಮೆ. ಯಾವಾಗಲೂ ಅದನ್ನೇ ಮುಂದೆ ನಿಲ್ಲಿಸಿ ಸೋಲುತ್ತಿದ್ದೆ. ಒಂದು ಮಧ್ಯಾಹ್ನ ಅಜ್ಜಿ ಇಣುಕಿ ನೋಡಿ, "ಎಷ್ಟೊತ್ತು ಹೊಡೆಸ್ತೀಯೇ ಅದನ್ನ? ಒಳಕ್ಕೆ ಕರ್ಕೊಂಡು ಇನ್ನೊಂದನ್ನ ಬಿಡೇ, ಪಾಪ" ಅಂದರು. ಹಾಗೆ ಬದಲಿಸುತ್ತ ಆಡಿದ ಮೇಲೆ ಗೆಲ್ಲತೊಡಗಿದೆ. ಶಿವಮೊಗ್ಗದ ಪಂದ್ಯಕ್ಕೆ ಆಯ್ಕೆಯಾಗಿದ್ದೇನೆ.

ಅಜ್ಜಿಗೆ ಎಲ್ಲ ಹೇಳಿದ್ದೇನೆ. "ಓಂಕಾರನಿಗೂ ಸರದಿ ಬರ್ಲಿ ಕಣೇ, ಹೋಗು" ಅಂದರು. ಅಪ್ಪ ಕೊಬ್ಬರಿ ಮಂಡಿ ಬಿಟ್ಟು ಬರುವುದಿಲ್ಲ. ಅಜ್ಜಂಪುರದಿಂದ ನೀನೇ ಇವತ್ತು ಸಂಜೆಯೊಳಗೆ ಬಾ. ಫೋನಿನಲ್ಲಾದರೆ ಬಯ್ದು ಇಟ್ಟುಬಿಡುತ್ತೀಯ ಅಂತ ಈ ಕಾಗದವನ್ನು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ.

ಲಿಂಗಪೂಜೆ ಆಗದೆ ಅಜ್ಜಿ ಕಾಫಿ ಮುಟ್ಟುವುದಿಲ್ಲ. ಪೂಜೆಯ ಹೊತ್ತಿಗೆ ಲಿಂಗ ಹಿಡಿದ ಎಡಗೈ ನಡುಗುತ್ತದೆ. ಕೆಳಗಿನಿಂದ ನಿನ್ನ ಕೈ ಕೊಡು. ದಿಂಬು ಇಟ್ಟರೆ ಅವರಿಗೆ ಸಿಟ್ಟು ಬರುತ್ತದೆ.

ಸೋತರೂ ನಾನು ತಕ್ಷಣ ವಾಪಸ್ ಬರುವುದಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿನ್ನ ತಂಗಿ,
ಶಾಂಭವಿ